ಚೊಗರು ಕುಡಿದ ಜೇಡಿ

ಪ್ಲೇಟು ಸರಿಸಿದಾಗ ರೊಟ್ಟಿ ಬೀಳಲಿಲ್ಲ, ರಾಡಿ ಸುರಿಯಿತು. ಪ್ರೆಸ್ ನೋಡಿಕೊಳ್ಳುವ ಹಿರಿಯ ಕೆಲಸಗಾರರು ಮೊಣಕೈವರೆಗೂ ಬಿಳಿಯಾಗಿ ನನ್ನ ಕಡೆ ತಿರುಗಿ, "ನೋಡಿ ಸಾರ್, ಆರು ಗಂಟೆ ಒತ್ತಿದ ರೊಟ್ಟಿ ಇದು. ಅಂಚು ಬೆಂದಿದೆ, ನಡು ಹಸಿಹಿಟ್ಟು" ಎಂದರು.

ಫಿಲ್ಟರ್ ಪ್ರೆಸ್ ಎಂದರೆ ಬಟ್ಟೆ ಹೊದಿಸಿದ ಪ್ಲೇಟುಗಳ ಸಾಲಿನೊಳಗೆ ರಾಡಿಯನ್ನು ಪಂಪಿನಿಂದ ಒತ್ತಿ ನೀರನ್ನು ಸೋಸಿ ತೆಗೆಯುವ ಯಂತ್ರ. ರೊಟ್ಟಿ ಎಂದರೆ ಅದರ ಎರಡು ಪ್ಲೇಟುಗಳ ನಡುವಿನ ಪೊಳ್ಳಿನಲ್ಲಿ ಗಟ್ಟಿಯಾಗುವ ಮಣ್ಣಿನ ಚೌಕ ಬಿಲ್ಲೆ. ಎಂಜಿನಿಯರುಗಳು ಅದನ್ನು ಕೇಕ್ ಎನ್ನುತ್ತಾರೆ. ಅಕ್ಕಿರೊಟ್ಟಿಯ ಸೀಮೆಯಲ್ಲಿ ಆ ಹೆಸರು ನಿಂತಿಲ್ಲ. ಸರಿಯಾಗಿ ಸೋಸಿದ್ದರೆ ಪ್ಲೇಟು ಸರಿಸಿದ ಕೂಡಲೇ ಅದು ತನ್ನ ಭಾರಕ್ಕೆ ತಾನೇ ಬಟ್ಟೆಯಿಂದ ಕಳಚಿ, ಕೆಳಗಿನ ತಳ್ಳುಗಾಡಿಗೆ ಧೊಪ್ಪೆಂದು ಬೀಳಬೇಕು. ಅಂದು ಬಟ್ಟೆಗೆ ಅಂಟಿಕೊಂಡಿದ್ದ ಪದರವನ್ನು ನಾನು ಉಗುರಿನಿಂದ ಎಬ್ಬಿಸಿ ನೋಡಿದೆ. ಬೆರಳಿನ ಅರ್ಧದಷ್ಟು ದಪ್ಪ. ಚರ್ಮದ ಹಾಗೆ ಬಿಗಿ. ಮುರಿದರೆ ಮುರಿದ ಮೈ ನುಣ್ಣಗೆ ಹೊಳೆಯುತ್ತಿತ್ತು. ಅಂಥ ಎರಡು ಪದರಗಳ ನಡುವೆ ರಾಡಿ ಪಂಪಿನಿಂದ ಬಂದ ಹಾಗೆಯೇ ಉಳಿದಿತ್ತು. ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಬಟ್ಟೆಯ ಅಂಚು ಎರಕದ ಕಬ್ಬಿಣದ ಪ್ಲೇಟಿಗೆ ತಾಗುವಲ್ಲೆಲ್ಲ, ಶಾಯಿ ಚೆಲ್ಲಿದ ಹಾಗೆ ಹಸಿರು ಬೆರೆತ ಕಪ್ಪು ಕಲೆ. ನೋಡಿದೆ, ನೋಡಿ ಸುಮ್ಮನಾದೆ. ಈ ಪ್ರಕರಣದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಉತ್ತರ ಮೊದಲ ದಿನವೇ ಬಟ್ಟೆಯ ಮೇಲೆ ಬರೆದಿತ್ತು.

ಘಟಕ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಮಾಲೀಕರ ಇಷ್ಟದಂತೆ ಹೆಸರು ಬೇಡ. ಹೊರಗಿನಿಂದ ಲಾರಿಯಲ್ಲಿ ಬರುವ ಬಿಳಿ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಮರಳನ್ನೂ ಅಭ್ರಕದ ಚೂರುಗಳನ್ನೂ ಜಾಲರಿಯಲ್ಲಿ ತೆಗೆದು, ಉಳಿದ ರಾಡಿಯನ್ನು ಪ್ರೆಸ್ಸಿನಲ್ಲಿ ಹಿಂಡಿ, ರೊಟ್ಟಿಗಳನ್ನು ಅಟ್ಟದ ಮೇಲೆ ಒಣಗಿಸಿ ಪಿಂಗಾಣಿ ಕೆಲಸದವರಿಗೆ ಮಾರುವುದು ಅಲ್ಲಿನ ಉದ್ಯೋಗ. ರಾಡಿ ಎಂಬ ಪದವನ್ನು ಬೇಕೆಂದೇ ಬಳಸುತ್ತಿದ್ದೇನೆ. ಸ್ಲರಿ ಎಂದು ಬರೆದರೆ ಮಲೆನಾಡಿನ ಓದುಗರ ಮನಸ್ಸು ನೇರವಾಗಿ ಗೋಬರ್ ಗ್ಯಾಸಿನ ಗುಂಡಿಗೆ ಹೋಗುತ್ತದೆ.

ಒಂದು ಪ್ರೆಸ್ ತುಂಬಿ ಗಟ್ಟಿಯಾಗಲು ಒಂದೂವರೆ ಗಂಟೆ ಬೇಕಾಗುತ್ತಿತ್ತು. ದೀಪಾವಳಿ ಕಳೆದು ಎರಡು ವಾರಕ್ಕೆ ಮೂರು ಗಂಟೆಯಾಯಿತು. ಡಿಸೆಂಬರಿನಲ್ಲಿ ನನ್ನನ್ನು ಕರೆಸುವ ಹೊತ್ತಿಗೆ ಆರು ಗಂಟೆ ಒತ್ತಿದರೂ ರೊಟ್ಟಿ ಕೂಡುತ್ತಿರಲಿಲ್ಲ.

ಬಟ್ಟೆ, ಮಣ್ಣು, ಪಂಪು

ನಾನು ಹೋಗುವ ಮೊದಲೇ ಮೂರು ಅನುಮಾನಗಳಿಗೆ ಹಣ ಖರ್ಚಾಗಿತ್ತು. ಮೊದಲನೆಯದು ಬಟ್ಟೆ ಕಟ್ಟಿಕೊಂಡಿದೆ ಎಂಬುದು. ಒಗೆದರು, ಆಮೇಲೆ ಹೊಸದನ್ನೇ ಹಾಕಿದರು. ಮೊದಲ ಹತ್ತು ನಿಮಿಷ ನೀರು ಚೆನ್ನಾಗಿ ಇಳಿಯಿತು, ಅನಂತರ ಅದೇ ಹಾಡು. ಎರಡನೆಯದು ಮಣ್ಣು. ಹೊಸ ಲೋಡು ಹೆಚ್ಚು ನುಣುಪಾಗಿರಬಹುದೆಂದು, ಶೀಟಿನ ಕೆಳಗೆ ಉಳಿದಿದ್ದ ಮಳೆಗಾಲದ ಹಳೆಯ ರಾಶಿಯಿಂದ ತೆಗೆದು ಕದಡಿದರು. ವ್ಯತ್ಯಾಸವಿಲ್ಲ.

ಮೂರನೆಯದು ಒತ್ತಡ. ಅದನ್ನು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂದು ಎಣಿಸುತ್ತಾರೆ. "ನಾಲ್ಕು ಕಿಲೋ ಸಾಲದು, ಏಳಕ್ಕೆ ಏರಿಸಿ" ಎಂದು ಯಾರೋ ಹೇಳಿದರು. ಏರಿಸಿದರು. ಆರು ಗಂಟೆಗೆ ಕೂಡುತ್ತಿದ್ದ ಅಷ್ಟೇ ದಪ್ಪದ ಪದರ ನಾಲ್ಕೂಕಾಲು ಗಂಟೆಗೆ ಕೂಡಿತು. ಜೊತೆಗೆ ಸೋಸಿ ಬರುವ ನೀರು ಹಾಲಿನ ಬಣ್ಣಕ್ಕೆ ತಿರುಗಿತು, ಪ್ಲೇಟುಗಳ ಸಂದಿಯಿಂದ ರಾಡಿ ಪಿಚಕಾರಿಯ ಹಾಗೆ ಹಾರಿ ಗೋಡೆಗೆ ಸುಣ್ಣ ಬಳಿಯಿತು.

ಒತ್ತಡ ಏರಿಸಿದರೆ ನೀರು ಹೆಚ್ಚು ಬರಬೇಕೆಂಬುದು ಸುಳ್ಳಲ್ಲ. ಫ್ರಾನ್ಸಿನ ದಿಜೋನ್ ನಗರದ ನೀರು ಸರಬರಾಜಿನ ಕೆಲಸ ಮಾಡಿದ್ದ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳಿನ ಕೊಳವೆಯಲ್ಲಿ ನೀರು ಹರಿಸಿ ಕಂಡುಕೊಂಡ ಲೆಕ್ಕ ಅದು, 1856ರಲ್ಲಿ ಪ್ರಕಟವಾಯಿತು. ಆದರೆ ಮರಳು ಕೂತಲ್ಲಿಯೇ ಕೂತಿರುತ್ತದೆ. ಪ್ರೆಸ್ಸಿನಲ್ಲಿ ಹಾಗಲ್ಲ. ಮೊದಲ ಕೆಲವು ನಿಮಿಷಗಳ ನಂತರ ಸೋಸುವುದು ಬಟ್ಟೆಯಲ್ಲ, ಬಟ್ಟೆಯ ಮೇಲೆ ಕೂತ ರೊಟ್ಟಿ. ಅದು ದಪ್ಪವಾದಷ್ಟೂ ಮುಂದಿನ ಹನಿಗೆ ದಾರಿ ಉದ್ದವಾಗುತ್ತದೆ. ಹಾಗಾಗಿ ಒಂದೇ ಒತ್ತಡದಲ್ಲಿ ಎರಡು ಪಟ್ಟು ದಪ್ಪದ ರೊಟ್ಟಿಗೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಸಮಯ ಬೇಕು. ರೊಟ್ಟಿಯ ನೇಯ್ಗೆಯೇ ಬಿಗಿಯಾಗಿದ್ದರೆ ಪಂಪು ಏನು ತಾನೆ ಮಾಡೀತು?

ಇದನ್ನು ಅಳೆಯಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಒಂದು ಪಿಂಗಾಣಿ ಆಲಿಕೆ, ಕೈಯಿಂದ ಒತ್ತುವ ನಿರ್ವಾತ ಪಂಪು, ಗೆರೆ ಹಾಕಿದ ಗಾಜಿನ ಜಾಡಿ, ಮೊಬೈಲಿನ ಗಡಿಯಾರ. ಆಲಿಕೆಯಲ್ಲಿ ಕಾಗದದ ಬದಲು ಅವರ ಬಟ್ಟೆಯದೇ ತುಂಡು ಕತ್ತರಿಸಿ ಹಾಕಿದೆ. ಇಳಿದ ನೀರಿನ ಪ್ರಮಾಣ ಅಡ್ಡಗೆರೆಯ ಮೇಲೆ. ಸಮಯವನ್ನು ಆ ಪ್ರಮಾಣದಿಂದ ಭಾಗಿಸಿ ಬಂದದ್ದು ನಿಂತ ಗೆರೆಯ ಮೇಲೆ. ಚುಕ್ಕಿಗಳು ಒಂದು ಓರೆಗೆರೆಯಾಗಿ ಕೂಡುತ್ತವೆ. ಆ ಗೆರೆ ಎಲ್ಲಿಂದ ಹೊರಡುತ್ತದೆ ಎಂಬುದು ಬಟ್ಟೆಯ ಜಾತಕ, ಎಷ್ಟು ಓರೆಯಾಗಿದೆ ಎಂಬುದು ರೊಟ್ಟಿಯ ಜಾತಕ. ಹಳೆಯ ಬಟ್ಟೆಗೂ ಹೊಸ ಬಟ್ಟೆಗೂ ಗೆರೆ ಹೊರಡುವ ಜಾಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಬಟ್ಟೆ ನಿರಪರಾಧಿ. ಓರೆ ಮಾತ್ರ ವಿಪರೀತ ಕಡಿದಾಗಿತ್ತು. ಕಡಿದು ಎನ್ನಲು ಹೋಲಿಕೆ ಬೇಕಲ್ಲ, ದೀಪಾವಳಿಗೆ ಮೊದಲಿನ ರಾಡಿ ಯಾರ ಹತ್ತಿರವೂ ಉಳಿದಿರಲಿಲ್ಲ. ಅಲ್ಲಿಗೆ ನಾನೂ ನಿಂತೆ.

ತೊಟ್ಟಿಯ ಮಾತು

ದಾರಿ ತೋರಿಸಿದವರು ಆ ಹಿರಿಯ ಕೆಲಸಗಾರರೇ. ಚಹಾ ಕುಡಿಯುತ್ತಾ, ಯಾರಿಗೂ ಅಲ್ಲ ಎಂಬಂತೆ, "ಈಗೀಗ ತೊಟ್ಟಿ ಬೆಳಗಾದರೂ ತಿಳಿಯಾಗುವುದಿಲ್ಲ" ಎಂದರು.

ಬಿಡಿಸಿ ಕೇಳಿದೆ. ಕದಡಿದ ರಾಡಿ ಪ್ರೆಸ್ಸಿಗೆ ಹೋಗುವ ಮೊದಲು ಒಂದು ರಾತ್ರಿ ಸಿಮೆಂಟು ತೊಟ್ಟಿಯಲ್ಲಿ ನಿಲ್ಲುತ್ತದೆ. ಮೊದಲೆಲ್ಲ ಬೆಳಿಗ್ಗೆ ನೋಡಿದರೆ ಮೇಲಿನ ಒಂದು ಗೇಣು ನೀರು ಕನ್ನಡಿಯ ಹಾಗಿರುತ್ತಿತ್ತು. ಕೆಳಗೆ ಕೋಲು ಬಿಟ್ಟರೆ ಮಜ್ಜಿಗೆಯ ಬೆಣ್ಣೆಗೆ ಕೈ ಹಾಕಿದ ಹಾಗೆ ಇಳಿಯುತ್ತಿತ್ತು. ಈಗ ಮೇಲಿನಿಂದ ಕೆಳಗಿನವರೆಗೂ ಒಂದೇ ಹಾಲು. ಆದರೆ ತೊಟ್ಟಿ ಖಾಲಿ ಮಾಡುವಾಗ ತಳದಲ್ಲಿ ತೆಳ್ಳಗೆ ಒಂದು ಪದರ, ಗುದ್ದಲಿಗೂ ಏಳದಷ್ಟು ಗಟ್ಟಿ. ಇದನ್ನು ಅವರು ಮೂರು ಸಲ ಹೇಳಿದ್ದರಂತೆ. ಪಂಪಿನ ಮೀಟರು ನೋಡುವ ಭರದಲ್ಲಿ ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ನನ್ನ ಆಲಿಕೆ, ಗೆರೆ, ಲೆಕ್ಕ ಎಲ್ಲಕ್ಕಿಂತ ಹೆಚ್ಚು ವಿಷಯ ಆ ಒಂದು ಮಾತಿನಲ್ಲಿತ್ತು. ನೀರಿನಲ್ಲಿರುವ ಕಣಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿವೆಯೋ, ಒಂದನ್ನೊಂದು ದೂಡಿ ಬಿಡಿಬಿಡಿಯಾಗಿವೆಯೋ ಎಂಬುದನ್ನು ತೊಟ್ಟಿ ಪ್ರತಿದಿನ ಬೆಳಿಗ್ಗೆ ಹೇಳುತ್ತಿತ್ತು. ಗುಂಪಾದ ಕಣ ಭಾರವಾಗಿ ಬೇಗ ಇಳಿಯುತ್ತದೆ, ಇಳಿದು ಉಬ್ಬಿದ ಹತ್ತಿಯ ಹಾಗೆ ಸಡಿಲವಾಗಿ ಕೂರುತ್ತದೆ. ಬಿಡಿ ಕಣ ಇಳಿಯಲು ದಿನಗಟ್ಟಲೆ ಹಿಡಿಯುತ್ತದೆ. ಇಳಿದದ್ದು ಜಾರಿ ಜಾರಿ ಸಿಕ್ಕ ಸಂದಿಗೆಲ್ಲ ಸೇರಿಕೊಂಡು ಕಲ್ಲಾಗುತ್ತದೆ.

"ದೀಪಾವಳಿಗೆ ಏನಾಯಿತು?" ಎಂದು ಕೇಳಿದೆ. ಬೋರಿನ ಮೋಟಾರು ಸುಟ್ಟಿತ್ತು. ಹೊಂಡ ತುಂಬ ನೀರಿರುವಾಗ ರಿಪೇರಿಗೆ ಅವಸರವೇನು ಎಂದು, ಅಲ್ಲಿಂದ ಹೊಂಡದ ನೀರನ್ನೇ ಬಳಸುತ್ತಿದ್ದರು. ಯಜಮಾನರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ನೀರು ನೀರೇ ಅಲ್ಲವೇ ಮಾರಾಯರೇ? ಹೊಂಡದ್ದಾದರೇನು, ಬೋರಿನದ್ದಾದರೇನು? ಮಣ್ಣು ಕದಡುವುದಕ್ಕೆ ತೀರ್ಥ ಬೇಕೆ?"

ಹೊಂಡಕ್ಕೆ ನೀರು ಬರುವುದು ಒಂದು ಹಳ್ಳದಿಂದ. ಹಳ್ಳದ ಗುಂಟ ಮೇಲಕ್ಕೆ ನಡೆದೆವು. ಇನ್ನೂರು ಹೆಜ್ಜೆ ಹೋಗುವುದರಲ್ಲಿ ಒಗರು ಬೆರೆತ ಹುಳಿ ವಾಸನೆ ಬಂತು. ಕೊನೆಕೊಯ್ಲಿನ ಕಾಲ. ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿದವರೊಬ್ಬರು ಆ ವರ್ಷ ಹಳ್ಳದ ದಡದಲ್ಲೇ ಅಡಿಕೆ ಬೇಯಿಸುವ ಶೆಡ್ಡು ಹಾಕಿದ್ದರು. ತಾಮ್ರದ ಹಂಡೆಗಳು, ಸುಲಿದ ಸಿಪ್ಪೆಯ ಆಳೆತ್ತರದ ರಾಶಿ, ಹಂಡೆ ತೊಳೆದ ನೀರು ಹರಿದು ಹಳ್ಳ ಸೇರುವ ಕೆಂಗಂದು ಕಾಲುವೆ. ಹಿಂದಿನ ವಾರ ಅಕಾಲದ ಮಳೆಯೂ ಬಿದ್ದಿತ್ತು. ಸಿಪ್ಪೆಯ ರಾಶಿ ಚಹಾಪುಡಿಯ ಚೀಲದ ಹಾಗೆ ಒಸರುತ್ತಿತ್ತು.

ಎಳೆ ಅಡಿಕೆ ಬೆಂದ ನೀರೇ ಚೊಗರು. ಮತ್ತೆ ಮತ್ತೆ ಅದರಲ್ಲೇ ಅಡಿಕೆ ಬೇಯಿಸಿ, ಕಾಯಿಸಿ ಗಟ್ಟಿ ಮಾಡಿದರೆ ಕೆಂಪಡಿಕೆಗೆ ಬಣ್ಣವನ್ನೂ ಹೊಳಪನ್ನೂ ಕೊಡುವುದು ಅದೇ. ಅದರ ಜೀವಾಳ ಟ್ಯಾನಿನ್ ಎಂಬ ಒಗರು ಪದಾರ್ಥ. ಬಲಿತ ಅಡಿಕೆಗಿಂತ ಎಳೆಯದರಲ್ಲಿ ಟ್ಯಾನಿನ್ ಹೆಚ್ಚು. ಬಟ್ಟೆಯ ಮೇಲಿನ ಹಸಿರುಗಪ್ಪು ಕಲೆ ಆಗ ನೆನಪಾಯಿತು. ಟ್ಯಾನಿನ್ನೂ ಕಬ್ಬಿಣವೂ ಸೇರಿದರೆ ಶಾಯಿ. ಹಿಂದಿನ ಕಾಲದಲ್ಲಿ ಬರೆಯುವ ಶಾಯಿಯನ್ನು ಮಾಡುತ್ತಿದ್ದದ್ದೇ ಹಾಗೆ. ಎರಕದ ಪ್ಲೇಟು ನಾಲ್ಕು ವಾರದಿಂದ ಶಾಯಿ ತಯಾರಿಸುತ್ತಿತ್ತು, ನಾವು ಅದನ್ನು ಕೊಳೆ ಎಂದುಕೊಂಡಿದ್ದೆವು.

ಪೇಟೆಯ ಗ್ರಂಥಿಗೆ ಅಂಗಡಿಯಿಂದ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟು, ತರಿಸಿದೆ. ಗಾಳಿಗೆ ಬಿಟ್ಟು ಕಂದು ಹತ್ತಿದ ಹಳೆಯದಾದರೆ ಇದಕ್ಕೆ ಇನ್ನೂ ಒಳ್ಳೆಯದು. ಒಂದು ಲೋಟ ಹೊಂಡದ ನೀರಿಗೆ ಚಿಟಿಕೆ ಹಾಕಿ ಕಲಕಿದ್ದೇ, ಲೋಟ ಕಪ್ಪಿಟ್ಟಿತು. ಪಕ್ಕದ ಮನೆಯ ಬೋರಿನ ನೀರಿಗೆ ಹಾಕಿದಾಗ ಬರಿಯ ತುಕ್ಕಿನ ಹಳದಿ.

ನಾಲ್ಕು ಬಾಟಲಿ

ಅಷ್ಟಕ್ಕೇ ತೀರ್ಮಾನ ಮಾಡಬಹುದಿತ್ತು, ಆದರೆ ಒಂದು ತೊಡಕಿತ್ತು. ಬೋರಿನ ನೀರು ಗಡಸು, ಕ್ಯಾಲ್ಸಿಯಂ ಇರುವಂಥದ್ದು. ಹಳ್ಳದ್ದು ಮಳೆಯ ಮೆದು ನೀರು, ಉಪ್ಪಿನಂಶ ಇಲ್ಲವೆನ್ನುವಷ್ಟು ಕಡಿಮೆ. ಅಪರಾಧ ಚೊಗರಿನದೋ, ಬರಿಯ ಮೆದುತನದ್ದೋ? ನಾಲ್ಕು ಗಾಜಿನ ಬಾಟಲಿ ತೊಳೆದು, ನಾಲ್ಕಕ್ಕೂ ಹಳೆಯ ರಾಶಿಯ ಅಷ್ಟಷ್ಟೇ ಮಣ್ಣು ತೂಗಿ ಹಾಕಿದೆ. ಒಂದಕ್ಕೆ ಬೋರಿನ ನೀರು, ಎರಡನೆಯದಕ್ಕೆ ಹೊಂಡದ್ದು, ಮೂರನೆಯದಕ್ಕೆ ಬೇಯಿಸುವ ಶೆಡ್ಡಿಗಿಂತ ಮೇಲೆ ಹಳ್ಳದಿಂದ ಹಿಡಿದದ್ದು. ನಾಲ್ಕನೆಯದಕ್ಕೆ ಮೇಲಿನ ಹಳ್ಳದ ಅದೇ ನೀರು, ಜೊತೆಗೆ ಚೇಣಿಯವರ ಹಂಡೆಯಿಂದ ಕೇಳಿ ತಂದ ಒಂದು ಚಮಚ ಚೊಗರು.

ಬೆಳಿಗ್ಗೆ ಬೋರಿನ ಬಾಟಲಿ ತಿಳಿ. ಮೇಲಿನ ಹಳ್ಳದ್ದೂ ತಿಳಿ, ಕೊಂಚ ಮಬ್ಬು ಇದ್ದರೂ ಆಚೆಯ ಕಿಟಕಿಯ ಸರಳು ಎಣಿಸಬಹುದಿತ್ತು. ಹೊಂಡದ್ದು ಹಾಲು. ಚೊಗರು ಬೆರೆಸಿದ್ದು ಕೆಂಪು ಛಾಯೆಯ ಹಾಲು. ಮೆದು ನೀರು ತಾನಾಗಿ ಅಪರಾಧಿಯಲ್ಲ ಎಂದಾಯಿತು. ಬಾಟಲಿಗಳನ್ನು ಕಲಕಿ ಒಂದೊಂದಾಗಿ ಆಲಿಕೆಗೆ ಹಾಕಿದೆ. ಬೋರಿನ ನೀರಿನ ರಾಡಿಗಿಂತ ಹೊಂಡದ ರಾಡಿಯ ಗೆರೆ ಹೆಚ್ಚುಕಡಿಮೆ ಎಂಟು ಪಟ್ಟು ಕಡಿದು. ಒಂದೂವರೆ ಗಂಟೆಯ ಎಂಟು ಪಟ್ಟು ಹನ್ನೆರಡು ಗಂಟೆ. ಆರು ಗಂಟೆ ಒತ್ತಿದರೂ ನಡು ಹಸಿಯಾಗಿ ಉಳಿದದ್ದಕ್ಕೆ ಲೆಕ್ಕ ಕೂಡಿಬಂತು.

ಒಂದೇ ಮಣ್ಣು, ಒಂದೇ ಬಟ್ಟೆ, ಒಂದೇ ಒತ್ತಡ. ಬದಲಾದದ್ದು ಒಂದು ಕಣ ಪಕ್ಕದ ಕಣದೊಂದಿಗೆ ನಡೆದುಕೊಳ್ಳುವ ರೀತಿ.

ಬಿಳಿ ಜೇಡಿಯ ಕಣ ಉಂಡೆಯಲ್ಲ, ತಟ್ಟೆ. ಅಗಲ ಒಂದು ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಪಾಲು) ಆಸುಪಾಸು, ದಪ್ಪ ಅದರ ಹತ್ತನೆಯ ಒಂದು ಪಾಲು ಎಂದಿಟ್ಟುಕೊಳ್ಳಿ. ತಟ್ಟೆಯ ಎರಡೂ ಮುಖಗಳಲ್ಲಿ ಋಣ ವಿದ್ಯುದಾವೇಶ ಇರುತ್ತದೆ. ಅದು ಹರಳಿನ ಒಳರಚನೆಯಿಂದ ಬಂದದ್ದು, ಸುಲಭವಾಗಿ ಬದಲಾಗುವುದಿಲ್ಲ. ತಟ್ಟೆಯ ಅಂಚಿನ ಕಥೆ ಬೇರೆ. ಹರಳು ಅಲ್ಲಿ ಮುರಿದಿರುತ್ತದೆ, ನೀರು ಸ್ವಲ್ಪ ಆಮ್ಲೀಯವಾಗಿದ್ದರೆ ಅಂಚು ಧನವಾಗುತ್ತದೆ. ಮಲೆನಾಡಿನ ಹಳ್ಳದ ನೀರು ಅಂಥದ್ದೇ. ಆಗ ಒಂದರ ಅಂಚು ಇನ್ನೊಂದರ ಮುಖಕ್ಕೆ ಕಚ್ಚಿಕೊಳ್ಳುತ್ತದೆ. ಇಸ್ಪೀಟೆಲೆಗಳನ್ನು ಓರೆಯಾಗಿ ನಿಲ್ಲಿಸಿ ಕಟ್ಟಿದ ಮನೆಯ ಹಾಗೆ, ಒಳಗೆಲ್ಲ ಖಾಲಿ ಜಾಗ ಇರುವ ಗುಂಪುಗಳಾಗುತ್ತವೆ. ನೀರು ನುಸುಳಲು ದಾರಿಯೋ ದಾರಿ.

ಚೊಗರಿನ ಟ್ಯಾನಿನ್ ಹೋಗಿ ಕೂರುವುದು ಬಹುಮಟ್ಟಿಗೆ ಆ ಅಂಚಿನಲ್ಲೇ. ಕೂತು ಧನವನ್ನು ಮುಚ್ಚಿ ಋಣ ಮಾಡುತ್ತದೆ. ಈಗ ಅಂಚೂ ಋಣ, ಮುಖವೂ ಋಣ. ತಟ್ಟೆಗಳು ಒಂದನ್ನೊಂದು ದೂಡುತ್ತವೆ, ಮನೆ ಕುಸಿಯುತ್ತದೆ. ಬಟ್ಟೆಯ ಮೇಲೆ ಅವು ವೀಳ್ಯದೆಲೆಯ ಕಟ್ಟಿನ ಹಾಗೆ ಒಂದರ ಮೇಲೊಂದು ಚಪ್ಪಟೆಯಾಗಿ ಮಲಗುತ್ತವೆ. ಒದ್ದೆಯಾದ ಎಲೆಕಟ್ಟಿನ ಮೇಲೆ ನೀರು ಹೊಯ್ದರೆ ಎಷ್ಟು ಕೆಳಗಿಳಿದೀತು? ಅಂಚು ಎಂದರೆ ಕಣದ ಮೈಯಲ್ಲಿ ಸಣ್ಣ ಪಾಲು. ಹಾಗಾಗಿ ಮುಚ್ಚಲು ಬೇಕಾಗುವ ಟ್ಯಾನಿನ್ನೂ ಸ್ವಲ್ಪವೇ. ಪಿಂಗಾಣಿಯವರು ಅಚ್ಚಿಗೆ ಹೊಯ್ಯುವ ಜೇಡಿಯನ್ನು ತೆಳುವಾಗಿಸಲು ಸೋಡಿಯಂ ಸಿಲಿಕೇಟ್ ಹಾಕುವುದು ಒಂದು ಟನ್ ಒಣಮಣ್ಣಿಗೆ ಕೆಲವೇ ಕಿಲೋ. ಕೊಳವೆಬಾವಿ ಕೊರೆಯುವವರ ಕೆಸರು ಗಟ್ಟಿಯಾದಾಗ ಅದನ್ನು ಸಡಿಲಿಸಲು ಮರದ ತೊಗಟೆಯ ಟ್ಯಾನಿನ್ ಬಳಸುವ ಪದ್ಧತಿಯೂ ಹಳೆಯದೇ. ನಮ್ಮ ಹೊಂಡದಲ್ಲಿ ಆ ಔಷಧಿ ಬೇಡದೆ ಬೆರೆತಿತ್ತು, ಅಷ್ಟೇ. ತಮಾಷೆಯೆಂದರೆ ಅಡಿಕೆ ಜಗಿದಾಗ ಇದೇ ಟ್ಯಾನಿನ್ ನಾಲಿಗೆಯ ಮೇಲೆ ತದ್ವಿರುದ್ಧ ಕೆಲಸ ಮಾಡುತ್ತದೆ. ಎಂಜಲಿನ ಪ್ರೋಟೀನನ್ನು ಹಿಡಿದು ಮುದ್ದೆಗಟ್ಟಿಸುತ್ತದೆ. ನಾವು ಒಗರು ಎನ್ನುವುದು ಅದನ್ನೇ.

ದೂಡುವ ಬಲ ಎಷ್ಟು ದೂರ ಚಾಚುತ್ತದೆ ಎಂಬುದನ್ನು ನೀರಿನಲ್ಲಿ ಕರಗಿದ ಉಪ್ಪು ನಿರ್ಧರಿಸುತ್ತದೆ. ಪ್ರತಿ ಕಣದ ಸುತ್ತ ವಿರುದ್ಧ ಆವೇಶದ ಅಯಾನುಗಳ, ಅಂದರೆ ಉಪ್ಪು ಕರಗಿ ಬಿಡಿಯಾದ ಆವೇಶದ ಚೂರುಗಳ, ಒಂದು ಮುಸುಕು ಇರುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ಅದರ ದಪ್ಪ 10 ನ್ಯಾನೊಮೀಟರಿಗೂ ಹೆಚ್ಚು. ಉಪ್ಪು ಹೆಚ್ಚಾದಂತೆ ಕುಗ್ಗುತ್ತ 1 ನ್ಯಾನೊಮೀಟರಿಗೂ ಇಳಿಯುತ್ತದೆ. ಮುಸುಕು ಕುಗ್ಗಿದರೆ ಕಣಗಳು ಹತ್ತಿರ ಬರುತ್ತವೆ, ಹತ್ತಿರ ಬಂದರೆ ಎಲ್ಲ ವಸ್ತುಗಳ ನಡುವೆಯೂ ಇರುವ ವಾನ್ ಡೆರ್ ವಾಲ್ಸ್ ಆಕರ್ಷಣೆ ಗೆದ್ದು ಅಂಟಿಸುತ್ತದೆ. ಈ ಎಳೆದಾಟದ ಲೆಕ್ಕವನ್ನು 1941ರಲ್ಲಿ ಸೋವಿಯತ್ ವಿಜ್ಞಾನಿಗಳಾದ ಡೆರ್ಯಾಗಿನ್ ಮತ್ತು ಲಾಂಡೌ, 1948ರಲ್ಲಿ ಡಚ್ ವಿಜ್ಞಾನಿಗಳಾದ ವೆರ್ವೇ ಮತ್ತು ಓವರ್‌ಬೀಕ್ ಕಟ್ಟಿಕೊಟ್ಟರು. ಶರಾವತಿಯ ನೀರು ಹೊನ್ನಾವರದಲ್ಲಿ ಕಡಲಿನ ಉಪ್ಪನ್ನು ಸೇರಿದಾಗ ಅದರೊಳಗಿನ ಸಣ್ಣ ಮಣ್ಣು ಗುಂಪುಗೂಡಿ ಇಳಿಯುವುದೂ ಹೀಗೆಯೇ. ಅಯಾನಿನ ಆವೇಶ ಹೆಚ್ಚಾದಷ್ಟೂ ಪರಿಣಾಮ ವಿಪರೀತ. ಆ ಸಿದ್ಧಾಂತದ ಪ್ರಕಾರ ಸೋಡಿಯಂ 1 ಪಾಲು ಬೇಕಾದ ಕಡೆ ಕ್ಯಾಲ್ಸಿಯಂ 64ರಲ್ಲಿ ಒಂದು ಪಾಲು, ಅಲ್ಯೂಮಿನಿಯಂ 729ರಲ್ಲಿ ಒಂದು ಪಾಲು ಸಾಕು. ನೀರು ತಿಳಿಗೊಳಿಸಲು ಅಲ್ಯೂಮಿನಿಯಂ ಇರುವ ಪಟಿಕ ಹಾಕುವುದರ ಹಿಂದೆ ಇದರದೂ ಒಂದು ಪಾಲಿದೆ.

ಮದ್ದು

ಯಜಮಾನರಿಗೆ ಈ ಪುರಾಣವೆಲ್ಲ ಬೇಕಾಗಿರಲಿಲ್ಲ. "ಏನು ಹಾಕಬೇಕು, ಎಷ್ಟು ಹಾಕಬೇಕು, ಅದನ್ನು ಹೇಳಿ" ಎಂದರು. ನ್ಯಾಯವೇ.

ನಿಜವಾದ ಮದ್ದು ಏನನ್ನೂ ಹಾಕದಿರುವುದು. ಮೋಟಾರು ರಿಪೇರಿ ಮಾಡಿಸಿ, ಅಥವಾ ಹಳ್ಳಕ್ಕೆ ಶೆಡ್ಡಿಗಿಂತ ಮೇಲೆ ಪೈಪು ಹಾಕಿ ಎಂದೆ. ಎರಡಕ್ಕೂ ಮೂರು ವಾರ ಬೇಕಿತ್ತು, ತೊಟ್ಟಿಗಳಲ್ಲಿ ಚೊಗರು ಕುಡಿದ ರಾಡಿ ಆಗಲೇ ತುಂಬಿತ್ತು. ಅದನ್ನು ಚೆಲ್ಲುವಂತಿರಲಿಲ್ಲ.

ಬಾಟಲಿಗಳಲ್ಲಿ ಒಂದೊಂದನ್ನೇ ನೋಡಿದೆವು. ಪಟಿಕ ಅದ್ಭುತವಾಗಿ ಕೆಲಸ ಮಾಡಿತು, ಒಂದು ಮಿತಿಯವರೆಗೆ. ಕೈ ಜಾರಿ ಹೆಚ್ಚು ಬಿದ್ದ ಬಾಟಲಿಯಲ್ಲಿ ರಾಡಿ ಮತ್ತೆ ಹಾಲಾಯಿತು. ಋಣವಾಗಿದ್ದ ಕಣ ಅತಿಯಾದ ಅಲ್ಯೂಮಿನಿಯಂ ಹೊದ್ದು ಈಗ ಧನವಾಗಿ ಪುನಃ ದೂಡತೊಡಗಿತ್ತು. ಪಟಿಕ ನೀರನ್ನು ಹುಳಿ ಮಾಡುತ್ತದೆ, ಹುಳಿ ಎರಕದ ಪ್ಲೇಟನ್ನು ತಿನ್ನುತ್ತದೆ, ಕರಗಿದ ಕಬ್ಬಿಣ ಇನ್ನಷ್ಟು ಶಾಯಿ. ಬಿಳಿ ಜೇಡಿ ಮಾರುವವರಿಗೆ ಶಾಯಿ ಶತ್ರು. ಸುಣ್ಣ ಹಾಕಿದ ಬಾಟಲಿಯೂ ಬೇಗ ತಿಳಿಯಾಯಿತು, ಆದರೆ ಕ್ಷಾರದಲ್ಲಿ ಚೊಗರು ಕಂದಿ ಮಣ್ಣಿಗೆ ಚಹಾದ ಬಣ್ಣ ಬಂತು. ಮಾರಾಟಗಾರರೊಬ್ಬರು ಕೊಟ್ಟುಹೋಗಿದ್ದ ಪಾಲಿಮರ್ ಪುಡಿ ಎಲ್ಲರ ಮನ ಗೆದ್ದಿತು. ಹಾಲು ಒಡೆದ ಹಾಗೆ ಕಾಳುಕಾಳಾಗಿ ಬೇರ್ಪಟ್ಟ ಮಣ್ಣು, ಮೇಲೆ ಗಾಜಿನಂಥ ನೀರು. ತೊಟ್ಟಿಯಲ್ಲೂ ಹಾಗೆಯೇ ಆಯಿತು. ಪ್ರೆಸ್ಸಿಗೆ ಹೋಗುವಷ್ಟರಲ್ಲಿ ಅವರ ಪಂಪಿನ ಬಿರುಸಾಗಿ ತಿರುಗುವ ಚಕ್ರ ಆ ಕಾಳುಗಳನ್ನೆಲ್ಲ ಕಡೆದು ಮಜ್ಜಿಗೆ ಮಾಡಿಬಿಟ್ಟಿತು. ಪಾಲಿಮರಿನ ಎಳೆ ಒಮ್ಮೆ ಹರಿದರೆ ಮತ್ತೆ ಕೂಡುವುದು ಕಷ್ಟ. ಕ್ಯಾಲ್ಸಿಯಂ ಕಟ್ಟಿದ ಗುಂಪಾದರೆ ಒಡೆದರೂ ಕೊಂಚ ಹೊತ್ತಿಗೆ ತಾನಾಗಿ ಕೂಡುತ್ತದೆ.

ಕೊನೆಗೆ ನಿಂತದ್ದು ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟು. ತೋಟಕ್ಕೆ ಹಾಕುವ ಸಾಧಾರಣ ಜಿಪ್ಸಂ ಅಲ್ಲ, ಕಲ್ಮಶವಿಲ್ಲದ ಬಿಳಿಯದು. ಅದರಲ್ಲಿ ನನಗೆ ಇಷ್ಟವಾದ ಗುಣ ಅದರ ಸೋಮಾರಿತನ. ಲೀಟರು ನೀರಿಗೆ ಸುಮಾರು 2.5 ಗ್ರಾಂಗಿಂತ ಹೆಚ್ಚು ಅದು ಕರಗುವುದೇ ಇಲ್ಲ, ಆದ್ದರಿಂದ ಯಾರ ಕೈ ಜಾರಿದರೂ ನೀರಿನ ಕ್ಯಾಲ್ಸಿಯಂ ಅತಿಯಾಗುವುದಿಲ್ಲ. ಹುಳಿಯಲ್ಲ, ಕ್ಷಾರವಲ್ಲ, ಬಣ್ಣ ಕೆಡಿಸುವುದಿಲ್ಲ. ಅದರ ಸಲ್ಫೇಟು ಸುಟ್ಟ ಪಾತ್ರೆಯ ಮೇಲೆ ಬಿಳಿ ಪೊರೆ ತರಬಹುದು. ಕೆಂಪು ಮಣ್ಣಿನ ಕೆಲಸವಾಗಿದ್ದರೆ ನಾನು ಹಿಂಜರಿಯುತ್ತಿದ್ದೆ. ಇದು ಬಿಳಿ ಜೇಡಿ, ಕೊಳ್ಳುವವರು ಮೆರುಗು ಬಳಿಯುವವರು.

ಜಿಪ್ಸಂ ಕರಗಿಸಿದ ರಾಡಿಯ ಮೊದಲ ಪ್ರೆಸ್ಸು ಎರಡೂವರೆ ಗಂಟೆ ತೆಗೆದುಕೊಂಡಿತು. ಬಾಟಲಿ ಹೇಳಿದ್ದಕ್ಕಿಂತ ನಿಧಾನ. ಯಾಕೆಂದು ನೋಡಿದರೆ ಪಂಪು ಇನ್ನೂ ಏಳು ಕಿಲೋದಲ್ಲೇ ಇತ್ತು. ಗುಂಪುಗೂಡಿದ ಕಣಗಳ ರೊಟ್ಟಿ ಸಡಿಲ, ಸಡಿಲವಾದದ್ದು ಕುಗ್ಗುತ್ತದೆ. ಮೊದಲ ನಿಮಿಷವೇ ಪೂರ್ತಿ ಒತ್ತಡ ಬಿಟ್ಟರೆ ಬಟ್ಟೆಗೆ ತಾಗಿದ ಗುಂಪುಗಳು ಜಜ್ಜಿಹೋಗಿ ಸಿಪ್ಪೆಯಂಥ ಒಂದು ಪೊರೆಯಾಗುತ್ತವೆ, ಹಿಂದಿನ ನೀರೆಲ್ಲ ಆ ಪೊರೆಯನ್ನು ದಾಟಬೇಕು. ಬಿಡಿಬಿಡಿಯಾಗಿದ್ದ ರಾಡಿಗೆ ಒತ್ತಡ ಅಷ್ಟಿಷ್ಟಾದರೂ ನೆರವಾಗಿತ್ತು, ಗುಂಪಾದ ರಾಡಿಗೆ ಅದೇ ಒತ್ತಡ ಆರಂಭದಲ್ಲಿ ಕೇಡು. ಒಂದು ಕಿಲೋದಿಂದ ಶುರು ಮಾಡಿ, ಹತ್ತು ಹತ್ತು ನಿಮಿಷಕ್ಕೆ ಏರಿಸುತ್ತ ಕೊನೆಯಲ್ಲಿ ಆರಕ್ಕೆ ತಂದೆವು. ಒಂದು ಗಂಟೆ ಮುಕ್ಕಾಲು. ಪ್ಲೇಟು ಸರಿಸಿದರು. ಧೊಪ್ಪೆಂದು ಬಿತ್ತು.

ಹಿರಿಯರು ಬಿದ್ದ ರೊಟ್ಟಿಯನ್ನು ಮುರಿದು ನಡುವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಏನೂ ಹೇಳಲಿಲ್ಲ, ಮುಂದಿನ ಪ್ಲೇಟಿಗೆ ಹೋದರು.

ಚೇಣಿಯವರೊಂದಿಗೆ ಜಗಳವಾಗಲಿಲ್ಲ. ಶಾಯಿಯಾದ ಲೋಟವನ್ನು ನೋಡಿ ಅವರೇ ಬೆಚ್ಚಿದರು. ಹಂಡೆ ತೊಳೆದ ನೀರಿಗೆ ಹಳ್ಳದಿಂದ ದೂರ ಇಂಗುಗುಂಡಿ ತೆಗೆಸಿದರು. ಸಿಪ್ಪೆಯ ರಾಶಿ ಮಾತ್ರ ಈಗಲೂ ಅಲ್ಲೇ ಇದೆ. ಮಲೆನಾಡಿನಲ್ಲಿ ಅಡಿಕೆ ಸಿಪ್ಪೆಯನ್ನು ಎಲ್ಲಿಗೆ ಹಾಕಬೇಕೆಂಬುದು ನನ್ನಿಂದ ಬಗೆಹರಿಯುವ ಪ್ರಶ್ನೆಯಲ್ಲ.

ಅಟ್ಟದ ತಕರಾರು

ಜನವರಿಯಲ್ಲಿ ಯಜಮಾನರು ಫೋನು ಮಾಡಿದರು. "ಸೋಸುವುದು ಸರಿಯಾಯಿತು ಮಾರಾಯರೇ, ಒಣಗುವುದು ಕೆಟ್ಟಿತು."

ಅವರ ದೂರಿನಲ್ಲಿ ಹುರುಳಿತ್ತು, ನಾನು ಮೊದಲೇ ಹೇಳಬೇಕಿತ್ತು. ಇಸ್ಪೀಟೆಲೆಯ ಮನೆಯೊಳಗೆ ನೀರು ಬೇಗ ಓಡಾಡುತ್ತದೆ ನಿಜ, ಆದರೆ ಮನೆಯೊಳಗಿನ ಕೋಣೆಗಳೂ ನೀರಿನಿಂದಲೇ ತುಂಬಿರುತ್ತವೆ. ಹಿಂದೆ ಬಟ್ಟೆಗೆ ಅಂಟುತ್ತಿದ್ದ ಚರ್ಮದಂಥ ಪದರವನ್ನು ತೂಗಿ, ಒಲೆಯಲ್ಲಿ ಒಣಗಿಸಿ ಮತ್ತೆ ತೂಗಿದಾಗ ನೂರಕ್ಕೆ 26 ಪಾಲು ನೀರಿತ್ತು. ಜಿಪ್ಸಂ ರೊಟ್ಟಿಯಲ್ಲಿ 33. ಏಳು ಪಾಲು ಹೆಚ್ಚು ಎಂದರೆ ಕಾಗದದ ಮೇಲೆ ಏನೂ ಅಲ್ಲ. ಬೆಳಿಗ್ಗೆ ಹತ್ತರವರೆಗೂ ಮಂಜು ಕವಿದಿರುವ ಊರಿನಲ್ಲಿ, ಅಟ್ಟದ ಮೇಲೆ ಅದು ಎರಡು ದಿನ.

ಜಿಪ್ಸಂ ಅರ್ಧ ಮಾಡಿ ನೋಡಿದೆವು. ಪ್ರೆಸ್ಸಿಗೆ ಎರಡೂಕಾಲು ಗಂಟೆ, ನೀರು 30 ಪಾಲು. ಕೊನೆಯ ಕಾಲು ಗಂಟೆ ಒತ್ತಡವನ್ನು ಏಳಕ್ಕೆ ಏರಿಸಿ ಮನೆಯನ್ನು ಬೇಕೆಂದೇ ಕುಸಿಯಲು ಬಿಟ್ಟರೆ 29. ಆ ಹೊತ್ತಿಗೆ ರೊಟ್ಟಿ ಕೂಡಿರುತ್ತದೆ, ಹೊಸ ನೀರು ದಾಟಬೇಕಾಗಿಲ್ಲ, ಹಾಗಾಗಿ ಪೊರೆಯ ಭಯವಿಲ್ಲ. ಯಜಮಾನರಿಗೆ ಒಂದೂವರೆ ಗಂಟೆಯೂ ಬೇಕು, 26 ಪಾಲೂ ಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲವೆಂದು ಎಷ್ಟು ಸಲ ಹೇಳಿದರೂ ಅವರು ಅದನ್ನು ನನ್ನ ಕೈಯ ದೋಷವೆಂದೇ ನಂಬಿದ್ದಾರೆ.

ಯುಗಾದಿಯ ವಾರ ಆ ಕಡೆ ಹೋಗಿದ್ದೆ. ಬೋರಿನ ಮೋಟಾರು ತಿರುಗುತ್ತಿತ್ತು, ಜಿಪ್ಸಂ ಚೀಲ ಮೂಲೆ ಸೇರಿತ್ತು. ತೊಟ್ಟಿಯ ಕಟ್ಟೆಯ ಮೇಲೆ ಹಿರಿಯರು ಅನ್ನಭೇದಿಯ ಪೊಟ್ಟಣವನ್ನು ಒಂದು ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಎರಡು ಲೋಟ ಬೋರಲು ಹಾಕಿದ್ದರು. ಕಿಟಕಿಯಲ್ಲಿ ನನ್ನ ನಾಲ್ಕನೆಯ ಬಾಟಲಿ ಇನ್ನೂ ಇತ್ತು, ಚೊಗರು ಬೆರೆಸಿದ್ದು. ತಳದಲ್ಲಿ ಕಾಸಿನಷ್ಟು ದಪ್ಪದ ಗಟ್ಟಿ ಪದರ. ಅದರ ಮೇಲೆ, ಮೂರು ತಿಂಗಳಾದ ಮೇಲೂ, ಮಬ್ಬು.